ಹದ ಬರುವ ಮೊದಲೇ

ಜೂನ್ 8, ಶನಿವಾರ

ತಂಗಿ ಶಾಂತಿಯ ಹೊಲ ಬಿತ್ತಿ ಮುಗಿಸಿದೆ. ಮೂರು ಎಕರೆ ಎರೆ ನೆಲ. ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ಟರ್ ಇಳಿಸಿದವನು ಹತ್ತೂವರೆಗೆ ಬದುವಿನ ಮೇಲಿದ್ದೆ. ಮೆಕ್ಕೆಜೋಳದ ಸಾಲು ದಾರ ಕಟ್ಟಿ ಎಳೆದ ಹಾಗೆ ಬಂದಿದೆ. ಹದಿನಾಲ್ಕು ವರ್ಷದಿಂದ ಊರೂರಿನ ಹೊಲ ಬಿತ್ತಿದ್ದೇನೆ, ಒಡಹುಟ್ಟಿದವಳ ಹೊಲ ಬಿತ್ತಿದ್ದು ಇದೇ ಮೊದಲು. ಅವಳ ಗಂಡ ಕಿರಣ್‌ಕುಮಾರ್ ಇದ್ದಾಗ ಎತ್ತಿನ ಕೂರಿಗೆ ಬಿಟ್ಟು ಬೇರೆ ಒಪ್ಪುತ್ತಿರಲಿಲ್ಲ. ಅವನು ಬೈಕಿನಿಂದ ಬಿದ್ದು ತೀರಿಕೊಂಡು ಎಂಟು ತಿಂಗಳಾಯಿತು. ಎತ್ತುಗಳನ್ನು ಅವನ ಅಣ್ಣ ರಾಮಾಂಜನೇಯ ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿದ್ದಾನೆ.

ಹೊಲವನ್ನೂ ತಾನೇ ಮಾಡುತ್ತೇನೆ ಅನ್ನುತ್ತಿದ್ದ. ಶಾಂತಿ ಬಿಡಲಿಲ್ಲ. ಕೊನೆಗೆ ನಾಲ್ಕು ಜನರ ಮುಂದೆ, "ಒಂದು ಬೆಳೆ ನೋಡಾಣ. ತೆಗೆದ್ಲು ಅಂದ್ರೆ ಅವಳೇ ಮಾಡ್ಕಳ್ಳಿ. ಇಲ್ಲಾಂದ್ರೆ ನಾನು ಉಳ್ತೀನಿ" ಅಂದ. ಇವತ್ತು ಬದುವಿನ ಮೇಲೆ ಕೈಕಟ್ಟಿ ನಿಂತು ಎಲ್ಲಾ ನೋಡುತ್ತಿದ್ದ.

ಶಾಂತಿ ನಸುಕಿಗೇ ಹೋಗಿ ಮಣ್ಣು ಹಿಡಿದು ನೋಡಿದ್ದಳಂತೆ. "ಅಣ್ಣ, ಇನ್ನೂ ಹದ ಬಂದಿಲ್ಲ. ಕಾಲಿಗೆ ಮೆತ್ಕಂತೈತೆ. ಇನ್ನೆರಡು ದಿನ ಬಿಡಾಣ" ಅಂದಳು. ನಾಳೆಯಿಂದ ಬಿ.ದುರ್ಗದ ಕಡೆ ಹತ್ತು ದಿನದ ಬಿತ್ತನೆ ಒಪ್ಪಿಕೊಂಡಿದ್ದೇನೆ, ಇವತ್ತು ಬಿಟ್ಟರೆ ನೀನೇ ಎಲ್ಲರಿಗಿಂತ ಹಿಂದೆ ಬೀಳುತ್ತೀಯ ಅಂದೆ. "ಸರಿ ಬಿಡು, ನಿನಗೆ ಗೊತ್ತಿರ್ತೈತೆ" ಅಂದಳು.

ಟ್ರ್ಯಾಕ್ಟರ್ ಕೂರಿಗೆಯ ಬೀಜದ ಡಬ್ಬಕ್ಕೆ ಮೊದಲ ಹಿಡಿ ಹಾಕಲು ಅವಳ ಅತ್ತೆ ಮುದ್ದಕ್ಕ ದೊಡ್ಡ ಸೊಸೆಯನ್ನು ಕರೆಯಲು ಹೊರಟಿದ್ದಳು. ಶಾಂತಿ ತಾನಾಗಿಯೇ ಹಿಂದೆ ಸರಿದು ನಿಂತಳು. ನಾನು ಅವಳ ಕೈ ಹಿಡಿದು ಎಳೆದೆ. "ಹೊಲ ಯಾರದು? ನೀನೇ ಹಾಕು" ಅಂದೆ. ಹಾಕಿದಳು. ಮುದ್ದಕ್ಕ ಮುಖ ತಿರುಗಿಸಿಕೊಂಡಳು. ತಿರುಗಿಸಿಕೊಳ್ಳಲಿ. ಎಂಟು ತಿಂಗಳ ಮೇಲೆ ನನ್ನ ತಂಗಿ ಹಲ್ಲು ಕಾಣುವಂತೆ ನಕ್ಕಿದ್ದನ್ನು ಇವತ್ತು ನೋಡಿದೆ.

ಜೂನ್ 15, ಶನಿವಾರ

ಬಿ.ದುರ್ಗದಲ್ಲೇ ಇದ್ದೆ. ಶಾಂತಿ ಫೋನ್ ಮಾಡಿದಳು. "ಹುಟ್ಟಿದಾವಣ್ಣ. ಸಾಲಿಗೆ ಸಾಲು ಹುಟ್ಟಿದಾವೆ." ಒಂದು ಪೂರಾ ಸಾಲಿನ ಸಸಿ ಎಣಿಸಿದಳಂತೆ. ಎಲ್ಲಾ ಎಣಿಸುತ್ತೀಯ ಏನೇ ಅಂದರೆ, "ಬೇರೆ ಏನು ಕೆಲಸ ಐತೆ ನನಗೆ" ಅಂದು ನಕ್ಕಳು.

ಜೂನ್ 24, ಸೋಮವಾರ

ಬಿತ್ತಿದ ಮೇಲೆ ಒಂದು ಹನಿ ಮಳೆ ಇಲ್ಲ. ಗಾಳಿ ಮಾತ್ರ ಬೀಸುತ್ತಿದೆ. ಆರಿದ್ರಾ ನಕ್ಷತ್ರ ಹಿಡಿಯಿತು, ಇನ್ನು ಮಳೆ ಬಂದೀತು. ಮನೆಗೆ ಬರುವಾಗ ಶಾಂತಿಯ ಹೊಲದ ದಾರಿಯಲ್ಲಿ ಬಂದೆ. ಕೂರಿಗೆ ಹಲ್ಲು ಹೋದ ಗೆರೆಯುದ್ದಕ್ಕೂ ನೆಲ ಬಾಯಿ ಬಿಟ್ಟಿದೆ. ಎರೆ ನೆಲ ಬಿರುಕು ಬಿಡುವುದು ಹೊಸದೇನಲ್ಲ. ಗಾಡಿ ನಿಲ್ಲಿಸಲಿಲ್ಲ.

ಜೂನ್ 30, ಭಾನುವಾರ

ಬೆಳಿಗ್ಗೆ ಫೋನ್ ಬಂತು. "ಅಣ್ಣ, ಮಲಗಿಬಿಟ್ಟಾವೆ" ಅಂದಳು. ಏನು ಅಂತ ಅರ್ಥವಾಗಲಿಲ್ಲ. ಹೋಗಿ ನೋಡಿದರೆ ಗೇಣುದ್ದದ ಸಸಿಗಳು ಗಾಳಿ ಬೀಸಿದ ಕಡೆಗೆ ವಾಲಿ, ಕೆಲವು ನೆಲಕ್ಕೇ ಒರಗಿದ್ದವು. ಎಲೆ ಇನ್ನೂ ಹಸಿರು. ರೋಗ ಇಲ್ಲ, ಹುಳ ಇಲ್ಲ. ಒಂದನ್ನು ಮುಟ್ಟಿದೆ, ಬುಡದಲ್ಲಿ ಗೂಟ ಸಡಿಲವಾದ ಹಾಗೆ ಸುತ್ತ ತಿರುಗಿತು. ಕಿತ್ತೆ. ಕೀಳುವುದೇನು, ಕೈಗೆ ಬಂತು. ಬೇರು ಸುತ್ತಲೂ ಹರಡಿರಲಿಲ್ಲ, ಎರಡು ಹಲಗೆಯ ನಡುವೆ ಇಟ್ಟು ಒತ್ತಿದ ಹಾಗೆ ಚಪ್ಪಟೆಯಾಗಿತ್ತು.

ಪಕ್ಕದ ಹೊಲ ರಾಮಾಂಜನೇಯನದು. ಅದೇ ನೆಲ, ಅದೇ ಬೀಜ. ಕಿರಣನ ಎತ್ತು ಕಟ್ಟಿ ನಾಲ್ಕು ದಿನ ತಡವಾಗಿ ಬಿತ್ತಿದ್ದ. ಅವನ ಸಸಿ ಬಾಡಿವೆ, ಆದರೆ ನಿಂತಿವೆ.

"ಯಾಕಣ್ಣ ಹಿಂಗಾತು?" ಅಂದಳು ಶಾಂತಿ.

"ಗಾಳಿ. ಮಳೆ ಬಂದ್ರೆ ಎದ್ದು ನಿಂತ್ಕಂತಾವೆ."

ಬೀಜದ್ದೇ ದೋಷ ಇರಬಹುದು. ಒಂದೇ ಅಂಗಡಿಯದಾದರೂ ಚೀಲ ಬೇರೆ ಬೇರೆ ಇರುತ್ತದಲ್ಲ.

ಜುಲೈ 2, ಮಂಗಳವಾರ

ರೈತ ಸಂಪರ್ಕ ಕೇಂದ್ರದ ಗೋವರ್ಧನ ಸರ್ ಅವರನ್ನು ಕರೆದುಕೊಂಡು ಹೋಗಿದ್ದೆ. ಶಾಂತಿ ಮಜ್ಜಿಗೆ ತರಲು ಮನೆಗೆ ಹೋಗಿದ್ದಳು. ಅವರು ಸಾಲಿನ ಪಕ್ಕ ಗುದ್ದಲಿಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಮಣ್ಣಿನ ಹೆಂಟೆಯನ್ನು ಹಾಗೇ ಮೇಲೆತ್ತಿ ನನ್ನ ಮುಂದೆ ಹಿಡಿದರು. ಕೂರಿಗೆ ಹಲ್ಲು ಹೋದ ಜಾಗ ಎರಡೂ ಕಡೆ ಮಿರಿಮಿರಿ ಅನ್ನುತ್ತಿತ್ತು.

"ಗೋಡೆ ಸಾರಿಸಿದಂಗೆ ಆಗೈತೆ ನೋಡ್ರಿ. ಹಸಿನಾಗೆ ಬಿತ್ತಿದ್ರೆ ಹಿಂಗೇ ಆಗೋದು. ಹಲ್ಲು ಮಣ್ಣನ್ನ ಸೀಳ್ತಾ ಸೀಳ್ತಾ ಬಳಿದುಬಿಡ್ತೈತೆ. ಒಣಗಿದ ಮೇಲೆ ಇಟ್ಟಿಗೆ. ಬೇರು ಅದನ್ನ ತೂರಕಾಗಲ್ಲ, ಸೀಳಿನುದ್ದಕ್ಕೇ ಓಡ್ತೈತೆ."

ಆಮೇಲೆ ಸಸಿಯ ಬುಡ ತೋರಿಸಿದರು. ಬೀಜದಿಂದ ಬರುವ ಬೇರು ಸಸಿ ಗೇಣುದ್ದ ಆಗುವ ತನಕ ಮಾತ್ರ ಸಾಕುತ್ತದಂತೆ. ಆಮೇಲೆ ಬುಡದ ಗೆಣ್ಣಿನಿಂದ ಹೊಸ ಬೇರು ಇಳಿಯಬೇಕು, ಗಿಡವನ್ನು ಹಿಡಿದು ನಿಲ್ಲಿಸುವುದು ಅದು. ಈ ಸಸಿಗಳ ಗೆಣ್ಣಿನಲ್ಲಿ ಬೇರು ಅಕ್ಕಿಕಾಳಿನಷ್ಟು ಮೂಡಿ, ಒಣ ಬಿರುಕಿಗೆ ಬಂದು, ಅಲ್ಲೇ ಸುಟ್ಟ ಹಾಗೆ ಮೊಂಡಾಗಿತ್ತು.

"ಯಾರ್ರಿ ಬಿತ್ತಿದ್ದು?" ಅಂದರು.

"ನಾನು ಆ ಹುಡುಗಿ ಅಣ್ಣ ಸರ್" ಅಂದೆ. ಕೇಳಿದ್ದಕ್ಕೆ ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು.

ಶಾಂತಿ ಬಂದಳು. ಬೇರು ಇಳಿದಿಲ್ಲಮ್ಮ, ಎಲ್ಲಾ ಬುಡಕ್ಕೂ ಮಣ್ಣು ಏರಿಸಿ, ಮಳೆ ಬಂದರೆ ಆ ಹಸಿ ಮಣ್ಣಿಗೆ ಹೊಸ ಬೇರು ಬಿಟ್ಟು ಅರ್ಧವಾದರೂ ಉಳಿಯುತ್ತದೆ ಅಂದರು. "ಯಾಕೆ ಸರ್ ಇಳಿದಿಲ್ಲ?" ಅಂತ ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ, "ಮಳೆ ಕೈಕೊಡ್ತಲ್ಲ" ಅಂದೆ ನಾನು. ಸರ್ ನನ್ನ ಮುಖ ನೋಡಿದರು. ಮಜ್ಜಿಗೆ ಕುಡಿದು ಹೊರಟರು.

ಜುಲೈ 5, ಶುಕ್ರವಾರ

ಬುಡಕ್ಕೆ ಮಣ್ಣು ಏರಿಸುತ್ತಿದ್ದೇವೆ. ನಾನು, ನನ್ನ ಹೆಂಡತಿ ಜಯಕ್ಕ, ಶಾಂತಿ. ಕೂಲಿಗೆ ಕರೆದ ಹೆಂಗಸರು ಇವತ್ತು ಬಂದರು, ನಾಳೆ ಆಗಲ್ಲ ಅಂದರು.

ಯಾಕೆ ಅಂತ ಸಂಜೆ ಗೊತ್ತಾಯಿತು. ಮುದ್ದಕ್ಕನ ಮನೆ ಜಗಲಿಯಲ್ಲಿ ಟೀ ಕುಡಿಯುತ್ತಿದ್ದೆ. ಆಕೆ ಪಕ್ಕದ ಮನೆಯವಳಿಗೆ, ನನಗೆ ಕೇಳಲಿ ಅಂತಲೇ ಹೇಳುತ್ತಿದ್ದಳು. "ಗಂಡನ್ನ ಉಳಿಸ್ಕಳ್ಳದ ಕೈ, ಬೀಜ ಉಳಿಸ್ಕಂತೈತಾ? ಮೊದಲ ಹಿಡಿ ಹಾಕಬ್ಯಾಡ ಅಂದೆ. ಅಣ್ಣನಿಗೆ ದೊಡ್ಡಸ್ತಿಕೆ."

ಒಳಗೆ ಶಾಂತಿ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ನಾನು ಲೋಟ ಕೆಳಗಿಟ್ಟು ಎದ್ದು ಬಂದೆ.

ಹೇಳಬಹುದಿತ್ತು. ಆದರೆ ಮುಂಗಾರಿನ ನಡುವೆ ಟ್ರ್ಯಾಕ್ಟರ್ ರಾಜಕುಮಾರ್ ಹಸಿಯಲ್ಲಿ ಬಿತ್ತಿ ತಂಗಿ ಹೊಲವನ್ನೇ ಕೆಡಿಸಿದ ಅಂತ ಮಾತು ಹೊರಟರೆ ನನ್ನನ್ನು ಯಾರು ಕರೆಯುತ್ತಾರೆ? ಮುದ್ದಕ್ಕನ ಬಾಯಿ ಯಾವಾಗಲೂ ಹಾಗೇ. ಮಳೆ ಬಂದು ಪೈರು ಎದ್ದರೆ ತಾನಾಗಿಯೇ ಮುಚ್ಚುತ್ತದೆ.

ಜುಲೈ 9, ಮಂಗಳವಾರ

ಜಯಕ್ಕ ಊಟಕ್ಕೆ ಕೂತಾಗ ಹೇಳಿದಳು. "ನೋಡಿದ್ರಾ? ಶಾಂತಿ ಸಸಿನ ಕೈಲಿ ಮುಟ್ಟಲ್ಲ. ಗುದ್ದಲಿಲಿ ಮಣ್ಣು ಎಳೀತಾಳೆ. ವಾಲಿದ್ದನ್ನ ಎತ್ತಿ ಹಿಡಿಯೋಕೆ ನನ್ನ ಕರೀತಾಳೆ. ಅತ್ತಿಗೆ, ನೀನು ಹಿಡ್ಕ, ನೀನು ಹಿಡ್ಕ ಅಂತಾಳೆ."

ನಾನು ನೋಡಿರಲಿಲ್ಲ. ಮಧ್ಯಾಹ್ನದ ಮೇಲೆ ನೋಡಿದೆ. ನಿಜ. ಒಂದು ಕಡೆ ಜಯಕ್ಕ ದೂರ ಇದ್ದಳು. ಶಾಂತಿ ಸೆರಗನ್ನು ಕೈಗೆ ಸುತ್ತಿಕೊಂಡು, ಬಟ್ಟೆಯಲ್ಲಿ ಸಸಿ ಹಿಡಿದು ನಿಲ್ಲಿಸಿದಳು.

ಸಣ್ಣವಳಿದ್ದಾಗ ಕಣದಲ್ಲಿ ನಾನು ರಾಶಿ ಮಾಡುತ್ತಿದ್ದರೆ ಮೊಣಕೈವರೆಗೂ ಕಾಳಿನೊಳಗೆ ಕೈ ಹೂತುಕೊಂಡು ಕೂರುತ್ತಿದ್ದಳು. ಎಷ್ಟು ಕರೆದರೂ ಏಳುತ್ತಿರಲಿಲ್ಲ.

ಜುಲೈ 11, ಗುರುವಾರ

ಹೇಳಬೇಕು ಅಂತಲೇ ಹೋದೆ. ಹೇಳಲಿಲ್ಲ.

ಜುಲೈ 12, ಶುಕ್ರವಾರ

ಇವತ್ತೂ ಇಲ್ಲ.

ಜುಲೈ 15, ಸೋಮವಾರ

ಪುನರ್ವಸು ಮಳೆ ಸುರಿಯಿತು. ನಿನ್ನೆ ಮಧ್ಯಾಹ್ನ ಹಿಡಿದದ್ದು ಇವತ್ತು ಮುಂಜಾನೆ ಬಿಟ್ಟಿತು. ಬೆಳಕು ಹರಿಯುತ್ತಲೇ ಹೊಲಕ್ಕೆ ಓಡಿದೆ. ಅರ್ಧಕ್ಕೆ ಅರ್ಧ ಸತ್ತಿವೆ. ಉಳಿದವು ತಲೆ ಎತ್ತಿವೆ. ಒಂದರ ಬುಡ ಬಿಡಿಸಿ ನೋಡಿದೆ, ಏರಿಸಿದ ಮಣ್ಣಿಗೆ ಬೆಳ್ಳನೆ ಬೇರಿನ ಮೊನೆ ಇಳಿಯತೊಡಗಿತ್ತು. ಕೆಸರಿನಲ್ಲಿ ಕೂತುಬಿಟ್ಟೆ. ಇನ್ನು ಹೇಳುವ ಅಗತ್ಯವೇ ಇಲ್ಲ ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ, ಮೊದಲು ಬಂದ ಯೋಚನೆ ಅದೇ.

ಶಾಂತಿಗೆ ಹೇಳಲು ಮನೆಗೆ ಹೋದೆ. ಅವಳು ಟ್ರಂಕಿಗೆ ಬಟ್ಟೆ ಹಾಕುತ್ತಿದ್ದಳು.

"ಪೈರು ಎದ್ದೈತೆ ಕಣೇ" ಅಂದೆ.

"ಹೌದಾ. ಒಳ್ಳೇದಾತು." ಕೈ ನಿಲ್ಲಿಸಲಿಲ್ಲ. "ಹೊಲ ಭಾವನಿಗೆ ಬಿಟ್ಕೊಟ್ಟೆ ಅಣ್ಣ, ನಿನ್ನೆ ಬೆಳಿಗ್ಗೆ. ನಾನು ಬಿಟ್ಟ ಮಧ್ಯಾಹ್ನನೇ ಮಳೆ ಬಂತು ನೋಡು."

ಇನ್ನೊಂದು ಸೀರೆ ಮಡಚಿ ಟ್ರಂಕಿಗೆ ಹಾಕಿದಳು.

"ಅತ್ತೆ ಹೇಳಿದ್ದು ಸುಳ್ಳಲ್ಲ. ನಾನು ಹಾಕಿದೆ, ಮಲಗಿದ್ವು. ನಾನು ಬಿಟ್ಟೆ, ಎದ್ವು." ಹೊಸದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆಗೆ ಜನ ಬೇಕಂತೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ ಅಂದಳು.

ಆಗಲಾದರೂ ಹೇಳಬೇಕಿತ್ತು. ಜನ ಇರುವಾಗ ಹೇಳಿದರೇ ಸರಿ, ಇವಳೊಬ್ಬಳಿಗೆ ಹೇಳಿದರೆ ಊರಿನ ಬಾಯಿ ಮುಚ್ಚುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಜಯಕ್ಕನಿಗೆ ಎಲ್ಲಾ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. "ಹದಿನೈದು ದಿನ ನನ್ನನ್ನೂ ಆ ಹೊಲದಾಗೆ ಬಗ್ಗಿಸಿದ್ರಿ. ಒಂದು ಮಾತು ಹೇಳಲಿಲ್ಲ" ಅಂದಳು. ಆಮೇಲೆ ಬೆನ್ನು ತಿರುಗಿಸಿ ಹಿಟ್ಟು ನಾದಿದಳು.

ಜುಲೈ 16, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಮುದ್ದಕ್ಕನ ಜಗಲಿಯಲ್ಲಿ ರಾಮಾಂಜನೇಯನೂ ಸೇರಿ ಐದಾರು ಜನ ಕೂತಿದ್ದರು. ಮುದ್ದಕ್ಕ ಇದ್ದಳು. ಶಾಂತಿ ಬಾಗಿಲ ಹತ್ತಿರ ಟ್ರಂಕ್ ಇಟ್ಟುಕೊಂಡು ನಿಂತಿದ್ದಳು. ನಾನು ಕೂರದೆ ಹೇಳಿದೆ. ಹದ ಬಂದಿಲ್ಲ ಅಂತ ಶಾಂತಿ ಅಂದಳು, ನಾನು ಕೇಳಲಿಲ್ಲ. ನನ್ನ ಅವಸರಕ್ಕೆ ಹಸಿ ನೆಲಕ್ಕೆ ಕೂರಿಗೆ ಇಳಿಸಿದೆ. ಬೇರು ಇಳಿಯದೇ ಇದ್ದದ್ದು ಅದಕ್ಕೆ. ಗೋವರ್ಧನ ಸರ್ ಅವತ್ತೇ ತೋರಿಸಿದರು, ನಾನು ಮುಚ್ಚಿಟ್ಟೆ. ಅವಳ ಕೈಯದು ಏನೂ ಇಲ್ಲ.

ರಾಮಾಂಜನೇಯ, "ಈಗ ಹೇಳ್ತೀಯಲ್ಲಪ್ಪ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಮುದ್ದಕ್ಕ ಎಲೆ ಅಡಿಕೆ ಮೆಲ್ಲುತ್ತಾ, "ಹಸಿನಾಗೆ ಊರೋರೆಲ್ಲ ಬಿತ್ತುತಾರೆ" ಅಂದಳು. ಅಷ್ಟೇ ಅಂದಳು. ಆದರೆ ದನಿ ಮೊದಲಿನ ಹಾಗೆ ಇರಲಿಲ್ಲ.

ಶಾಂತಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಇರಲಿಲ್ಲ. ಯಾರೋ ದೂರದವರು ಬಂದು ದಾರಿ ಕೇಳಿದರೆ ನೋಡುತ್ತೇವಲ್ಲ, ಹಾಗೆ. "ಬಸ್ಸಿಗೆ ಹೊತ್ತಾತು" ಅಂದಳು. ಬೈಕಿನಲ್ಲಿ ಬಿಡುತ್ತೇನೆ ಅಂದೆ. ಬೇಡ ಅಂದಳು. ಟ್ರಂಕನ್ನು ರಾಮಾಂಜನೇಯ ಹೊತ್ತುಕೊಂಡು ಅವಳ ಹಿಂದೆ ಹೋದ.

ಜುಲೈ 28, ಭಾನುವಾರ

ಬಾಲರಾಜು ರಾಗಿ ಬಿತ್ತಲು ಕರೆದಿದ್ದ. ಹೋಗಿ ಗಾಡಿಯಿಂದ ಇಳಿದು ಮಣ್ಣು ಹಿಡಿದೆ, ಉಂಡೆ ಕಟ್ಟಿತು. ನಾಳಿದ್ದು ಬರುತ್ತೇನೆ ಅಂದೆ. ಅವನು ಬೇರೆ ಟ್ರ್ಯಾಕ್ಟರ್ ಕರೆಸಿದ. ಈ ವಾರದಲ್ಲಿ ಹೀಗೆ ಮೂರನೆಯದು.

ಶಾಂತಿ ಜಯಕ್ಕನ ಫೋನ್ ಎತ್ತುತ್ತಾಳೆ. ನನ್ನದು ಎತ್ತುವುದಿಲ್ಲ.

ಆಗಸ್ಟ್ 18, ಭಾನುವಾರ

ರಾಮಾಂಜನೇಯ ಹೇಳಿ ಕಳಿಸಿದ್ದ. ಶಾಂತಿಯ ಹೊಲಕ್ಕೆ ಎರಡನೇ ಸಲ ಮಣ್ಣು ಏರಿಸಬೇಕು, ಬರುತ್ತೀಯಾ ಅಂತ. ಗುದ್ದಲಿ ತಗೊಂಡು ಹೋದೆ. ಇಬ್ಬರೂ ಸಾಲು ಹಿಡಿದು ಮಧ್ಯಾಹ್ನದವರೆಗೆ ಎಳೆದೆವು. ಬುತ್ತಿ ಬಿಚ್ಚಿದಾಗ ಅವನು, "ನಾನು ಹೊಲ ಕಿತ್ಕಳ್ಳಾಣ ಅಂತ ಇದ್ದೋನಲ್ಲ ಕಣಪ್ಪ. ಹೆಣ್ಣುಮಗಳು, ಒಬ್ಬಳೇ ಒದ್ದಾಡ್ತಾಳೆ ಅಂತ ಅಂದಿದ್ದು" ಅಂದ. ಇಷ್ಟು ದಿನ ಇವನನ್ನು ನಾನು ಏನೇನೋ ಅಂದುಕೊಂಡಿದ್ದೆ.

ಗೆಣ್ಣಿನ ಬೇರು ಕೋಳಿಕಾಲಿನ ಹಾಗೆ ನೆಲ ಹಿಡಿದಿವೆ. ತೆನೆ ಮೂಡುತ್ತಿದೆ. ನಡುನಡುವೆ ಖಾಲಿ ಜಾಗ. ಖಾಲಿ ಜಾಗಕ್ಕೂ ಮಣ್ಣು ಏರಿಸಿಕೊಂಡೇ ಹೋಗಿದ್ದೆ, ರಾಮಾಂಜನೇಯ ಹೇಳಿದಾಗ ಗೊತ್ತಾಯಿತು.

ಅಕ್ಟೋಬರ್ 11, ಶುಕ್ರವಾರ

ಆಯುಧ ಪೂಜೆ. ಟ್ರ್ಯಾಕ್ಟರ್ ತೊಳೆಯಲು ಕೈ ಬರಲಿಲ್ಲ. ಜಯಕ್ಕ ತಾನೇ ತೊಳೆದು ಹೂ ಹಾಕಿ ನಿಂಬೆಹಣ್ಣು ಇಟ್ಟಳು. ಒಂದು ಸುತ್ತು ಓಡಿಸಿ ಅಂದಳು. ಓಡಿಸಿದೆ.

ಅಕ್ಟೋಬರ್ 16, ಬುಧವಾರ

ತೆನೆ ಮುರಿದಾಯಿತು. ಅರ್ಧ ಬೆಳೆ. ಅಷ್ಟಾದರೂ ಬಂತಲ್ಲ ಅಂದರು ಎಲ್ಲರೂ. ರಾಮಾಂಜನೇಯ ನನ್ನನ್ನು ಪಕ್ಕಕ್ಕೆ ಕರೆದ. "ಹೊಸದುರ್ಗಕ್ಕೆ ಹೋಗಿ ಬಾ. ಬೆಳೆ ಬಂತು ಅನ್ನು. ಹೊಲ ಅವಳದೇ. ಮುಂದಿನ ಮುಂಗಾರಿಗೆ ಬಂದು ಬಿತ್ತಲಿ. ಅವ್ವನೂ ಹೂಂ ಅಂದೈತೆ." ಮುದ್ದಕ್ಕ ಹೂಂ ಅಂದಿದ್ದಾಳೆ. ನಾನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೆ.

ಅಕ್ಟೋಬರ್ 20, ಭಾನುವಾರ

ಹೊಸದುರ್ಗಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡೆ.

ಹಾಸ್ಟೆಲಿನ ಹಿಂದೆ ಅಡುಗೆಮನೆ. ಶಾಂತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇಳಿದುಹೋಗಿದ್ದಾಳೆ. ಜೊತೆಗೆ ಅಲ್ಲಿಯ ದೊಡ್ಡ ಅಡುಗೆಯವಳು, ಕಾಳಕ್ಕ ಅಂತ, ಅರವತ್ತರ ಹತ್ತಿರ ಇದ್ದಾಳೆ. "ಬಾ ಅಣ್ಣ, ಕುಂತ್ಕ" ಅಂದಳು ಶಾಂತಿ. ಮಾತಾಡಿಸಿದಳಲ್ಲ ಅಂತ ತಕ್ಷಣ ಕೂತೆ.

ಎಲ್ಲಾ ಹೇಳಿದೆ. ಬೆಳೆ ಬಂದದ್ದು, ಭಾವ ಹೇಳಿದ್ದು, ಅತ್ತೆ ಒಪ್ಪಿದ್ದು. ಅವಳು ಅಕ್ಕಿ ನೋಡುತ್ತಲೇ ಕೇಳಿಸಿಕೊಂಡಳು. "ಭಾವ ಒಳ್ಳೇರು" ಅಂದಳು.

"ಮುಂಗಾರಿಗೆ ಬರ್ತೀಯಲ್ಲ? ನೀನು ಹೇಳಿದ ದಿನ ಬಿತ್ತಾಣ. ನೀನೇ ಮೊದಲ ಹಿಡಿ ಹಾಕು."

"ಇಲ್ಲಣ್ಣ. ನಾನು ಬೀಜ ಮುಟ್ಟಲ್ಲ."

"ತಪ್ಪು ನನ್ನದು ಅಂತ ಊರಿಗೆಲ್ಲ ಗೊತ್ತಾತಲ್ಲೇ."

"ಊರಿಗೆ ಗೊತ್ತಾತು. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ." ಅನ್ನ ಇನ್ನೂ ಬೆಂದಿಲ್ಲ ಅನ್ನುವ ಹಾಗೆ ಹೇಳಿದಳು. "ಇಲ್ಲಿ ಬಂದ ಮೊದಲ ದಿನ ಅಕ್ಕಿ ಹಾಕು ಅಂದ್ರು. ಇನ್ನೂರು ಹುಡುಗೀರು ಉಣ್ಣೋ ಅನ್ನ. ಎಸರು ಕುದೀತಾ ಐತೆ, ನಾನು ಬೋಗುಣಿ ಹಿಡ್ಕಂಡು ನಿಂತಿದೀನಿ, ಹಾಕಕ್ಕಾಗ್ತಿಲ್ಲ. ಮಕ್ಕಳಿಗೆ ಏನಾದ್ರೂ ಆದ್ರೆ ಅಂತ."

ಕಾಳಕ್ಕ ಒಲೆಯ ಹತ್ತಿರದಿಂದ, "ನಂಗೂ ಗಂಡ ಇಲ್ಲ ಕಣಮ್ಮ, ಹದಿನೆಂಟು ವರ್ಷದಿಂದ ನಾನೇ ಅಕ್ಕಿ ಹಾಕ್ತಿದೀನಿ, ಹುಡುಗೀರೆಲ್ಲ ಪಾಸಾಗಿ ಹೋಗವ್ರೆ ಅಂದೆ" ಅಂದಳು. ಶಾಂತಿ ಸ್ವಲ್ಪ ನಕ್ಕಳು. ನಾನೂ ನಗಲು ಹೋದೆ.

ಆಮೇಲೆ ಶಾಂತಿ ಮೊರ ಕೆಳಗಿಟ್ಟಳು. "ಅಣ್ಣ, ನೀನು ಹಸಿನಾಗೆ ಬಿತ್ತಿದ್ದಕ್ಕೆ ನಂಗೇನೂ ಇಲ್ಲ. ನಾನೂ ಸರಿ ಅಂದಿದ್ದೆ. ಆದ್ರೆ ಆ ಹದಿನೈದು ದಿನ ನೀನು ನನ್ನ ಎದುರಿಗೇ ಇದ್ದೆ. ಅದೇ ಸಾಲಿನಾಗೆ ಮಣ್ಣು ಎಳೀತಿದ್ದೆ. ನಾನು ಸೆರಗು ಸುತ್ಕಂಡು ಸಸಿ ಹಿಡೀತಿದ್ದೆ, ನೀನು ನೋಡಿದೆ. ನೀನು ನೋಡ್ತಾ ನಿಂತಿದ್ದನ್ನ ನಾನೂ ನೋಡಿದೆ."

ನಾನು ಹೂಂ ಅಂದೆ.

ಅನ್ನ ಸಾರು ಬಡಿಸಿದಳು. ಉಂಡೆ. ಇನ್ನೊಂಚೂರು ಹಾಕಲಾ ಅಂದಳು, ತಟ್ಟೆ ಮುಂದೆ ಹಿಡಿದೆ. ಅಷ್ಟರಲ್ಲಿ ಗಂಟೆ ಹೊಡೆದು ಹುಡುಗಿಯರು ಸಾಲು ನಿಂತರು. "ನಿಧಾನಕ್ಕೆ ಉಣ್ಣು, ಅತ್ತಿಗೆನ ಕೇಳಿದೆ ಅನ್ನು" ಅಂದು ಬಕೆಟ್ ಎತ್ತಿಕೊಂಡು ಹೋದಳು. ಮತ್ತೆ ಈ ಕಡೆ ಬರಲಿಲ್ಲ.

ಗೇಟಿನ ತನಕ ಕಾಳಕ್ಕ ಬಂದಳು. "ಈಗ ಹಾಕ್ತಾಳೆ ಅಕ್ಕಿನ" ಅಂದಳು. "ಆದ್ರೆ ನಾನು ಪಕ್ಕದಾಗೆ ನಿಂತಿರಬೇಕು. ದಿನಾ. ಅವಳ ಮೊಣಕೈ ಹಿಂಗೆ ಮುಟ್ಕಂಡು." ತೋರಿಸಿದಳು. "ನಿಂತಿರ್ತೀನಿ. ನೀವು ಹೋಗ್ಬರ್ರಿ."

ಬಸ್ ಸ್ಟ್ಯಾಂಡಿಗೆ ನಡೆದುಕೊಂಡೇ ಬಂದೆ. ನಮ್ಮೂರ ಕಡೆ ಹೋಗುವ ಹೊಳಲ್ಕೆರೆ ಬಸ್ ಎರಡು ಹೋದವು, ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದೆ.